ಪುಟ 17ರಿಂದ 208ರವರೆಗೆ

ನಮ್ಮ ಮನೆಯಲ್ಲಿ ಕುಂದಾ ತಿನ್ನುವುದಕ್ಕೂ ಕಾದಂಬರಿ ಓದುವುದಕ್ಕೂ ಮುಹೂರ್ತ ಇದೆ. ಪಂಚಾಂಗ ನೋಡಿ ಇಟ್ಟ ಮುಹೂರ್ತವಲ್ಲ, ಅವ್ವನ ಗುಳಿಗೆಯ ಡಬ್ಬಿ ನೋಡಿ ಇಟ್ಟದ್ದು. ಬೆಳಿಗ್ಗೆ ಏಳಕ್ಕೊಂದು, ಹನ್ನೊಂದಕ್ಕೊಂದು, ಮೂರಕ್ಕೊಂದು, ರಾತ್ರಿ ಏಳಕ್ಕೆ ಇನ್ನೊಂದು. ಮೂರರ ಗುಳಿಗೆ ಹೊಟ್ಟೆಗಿಳಿದು ಮುಕ್ಕಾಲು ತಾಸು ಕಳೆಯಿತೆಂದರೆ ಅವಳ ಬಲಗೈಯ ನಡುಕ ಸಣ್ಣಗಾಗುತ್ತದೆ, ಸೆಟೆದ ಕುತ್ತಿಗೆ ಸಡಿಲಾಗುತ್ತದೆ, ಕೈ ತಾನಾಗಿ ಚಾಳೀಸಿನ ಕಡೆ ಹೋಗುತ್ತದೆ. “ತಮ್ಮಾ, ನಮ್ಮ ಕಥಿ ಎಲ್ಲಿಗೆ ಬಂದಿತ್ತೋ?” ಎಂದು ಅವಳು ಕೇಳಿದಳೆಂದರೆ ನಾಲ್ಕು ಆಯಿತು ಅಂತ ಗಡಿಯಾರ ನೋಡದೆ ಹೇಳಬಹುದು. ಅಲ್ಲಿಂದ ಒಂದೂವರೆ ತಾಸು ನಮ್ಮದು. ಆಮೇಲೆ ಗುಳಿಗೆಯ ಕಸುವು ಇಳಿಯುತ್ತದೆ, ಅವ್ವ ಖುರ್ಚಿಯೊಳಗೆ ಮುದುಡಿಕೊಳ್ಳುತ್ತಾಳೆ, ಗುರುತಿಗೆ ಕಾಗದ ಇಟ್ಟು ಪುಸ್ತಕ ಮುಚ್ಚುತ್ತೇವೆ.

ಕುಂದಾ ಅಂದೆನಲ್ಲ, ಅದನ್ನು ಮುಗಿಸಿಯೇ ಮುಂದೆ ಹೋಗೋಣ. ಬೆಳಗಾವಿಯವರು ಮಾತಿಗೆ ಕೂತಮೇಲೆ ಕುಂದಾ ಬಾರದೆ ಇರುತ್ತದೆಯೇ? ಹಾಲು ಕಾಸಿ, ಬತ್ತಿಸಿ, ಸಕ್ಕರೆ ಕೆಂಪಗೆ ತಿರುಗುವವರೆಗೆ ಕೈಬಿಡದೆ ತಿರುವಿದರೆ ಆಗುವ ತಿನಿಸು ಅದು. ಪರವೂರಿನವರಿಗೆ ಡಬ್ಬಿ ಕಟ್ಟಿಸಿಕೊಡುತ್ತೇವೆ, ನಮಗೆ ಮಾತ್ರ ಚಹಾದ ಹೊತ್ತಿಗೆ ಒಂದು ಚಮಚ ಸಾಕು. ಅವ್ವನಿಗೆ ಇರುವುದು ಪಾರ್ಕಿನ್ಸನ್ ರೋಗ. ಅದರ ಮುಖ್ಯ ಔಷಧ ಲೆವೊಡೋಪಾ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಈ ಔಷಧ ಯಾವ ದಾರಿಯಲ್ಲಿ ಹೋಗುತ್ತದೋ ಅದೇ ದಾರಿಯನ್ನು ಹಾಲು, ಬೇಳೆ, ಮೊಟ್ಟೆಗಳ ಪ್ರೋಟೀನೂ ಹಿಡಿಯುತ್ತದೆ. ಎರಡೂ ಒಟ್ಟಿಗೆ ಬಾಗಿಲಿಗೆ ಬಂದರೆ ಗುಳಿಗೆ ಹಿಂದೆ ಉಳಿಯುತ್ತದೆ. ಅದಕ್ಕೇ ಗುಳಿಗೆಗೂ ಊಟಕ್ಕೂ ನಡುವೆ ಅಂತರ ಬಿಡಿ ಅನ್ನುತ್ತಾರೆ ಡಾಕ್ಟರು. ನಮಗಿದು ಗೊತ್ತಾಗುವ ಮೊದಲು ಅವ್ವ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ಹಾಲಿನ ಲೋಟ ಹಿಡಿಯುತ್ತಿದ್ದಳು. ಗುಳಿಗೆ ಯಾಕೆ ಹತ್ತುತ್ತಿಲ್ಲ ಅಂತ ನಾವು ತಲೆ ಕೆಡಿಸಿಕೊಳ್ಳುತ್ತಿದ್ದೆವು. ಈಗ ಮೂರಕ್ಕೆ ನೀರಿನ ಜೊತೆ ಗುಳಿಗೆ, ನಾಲ್ಕಕ್ಕೆ ಪುಸ್ತಕ, ಪುಸ್ತಕದ ನಡುವೆ ಎಲ್ಲೋ ಒಂದು ಕಡೆ ಕುಂದಾ. ಕಥೆ ಬಿಗಿಯಾಗಿದ್ದರೆ ಕುಂದಾ ತಟ್ಟೆಯಲ್ಲೇ ಉಳಿಯುವುದೂ ಉಂಟು.

ಮೊದಲು ಹೇಳಬೇಕಾದ್ದು ಅವ್ವನ ಬಗ್ಗೆ. 1965ರಿಂದ 2002ರವರೆಗೆ ಅವಳು ಖಾನಾಪುರ ತಾಲೂಕಿನ ಕನ್ನಡ ಶಾಲೆಗಳಲ್ಲಿ ಅಕ್ಕೋರು. ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರು ಅಷ್ಟೇ, ಆದರೆ ಆ ತಾಲೂಕಿನ ಪಶ್ಚಿಮದ ಅಂಚಿಗೆ ಹೋದರೆ ಬೇರೆಯೇ ಲೋಕ. ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೊರಳಿದರೆ ಕಾಡು, ಮಂಜು, ಮಳೆ. ಮಲಪ್ರಭೆ ಹುಟ್ಟುವುದು ಅಲ್ಲೇ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಗಣಪತಿ ಹಬ್ಬದವರೆಗೆ ಬಿಡುವುದಿಲ್ಲ. ಶಾಲೆಯ ಸುಣ್ಣದ ಕಡ್ಡಿಗಳು ತೇವ ಕುಡಿದು ಬೋರ್ಡಿನ ಮೇಲೆ ಅಕ್ಷರವನ್ನೇ ಮೂಡಿಸುತ್ತಿರಲಿಲ್ಲವಂತೆ. ಅವ್ವ ರಾತ್ರಿ ಅವನ್ನು ಒಲೆಯ ಪಕ್ಕ ಸಾಲಾಗಿ ಜೋಡಿಸಿ ಒಣಗಿಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿಕೊಂಡು ಶಾಲೆಗೆ ಒಯ್ಯುತ್ತಿದ್ದಳು. ಮನೆಮಾತು ಮರಾಠಿಯೋ ಕೊಂಕಣಿಯೋ ಆದ ಮಕ್ಕಳಿಗೆ ‘ಅ’ದಿಂದ ಕನ್ನಡ ಕಲಿಸುವುದು ಅವಳ ಕೆಲಸ. ಅವಳ ದುಂಡಗಿನ ಅಕ್ಷರ ನೋಡಿಯೇ ಮಕ್ಕಳು ಬರೆಯಲು ಕಲಿತರು ಅಂತ ಇವತ್ತಿಗೂ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ನನ್ನನ್ನು ನಿಲ್ಲಿಸಿ ಹೇಳುತ್ತಾರೆ.

ಆ ಅಕ್ಷರದ ಮಾತು ಬಂದದ್ದು ಒಳ್ಳೆಯದಾಯಿತು. ರೋಗ ಮೊದಲು ಕಾಣಿಸಿಕೊಂಡದ್ದೇ ಅಲ್ಲಿ, ನಾವು ನೋಡಲಿಲ್ಲ ಅಷ್ಟೇ. ಅವ್ವನಿಗೊಂದು ರೂಢಿ. ಪುಸ್ತಕ ಕೊಂಡ ದಿನವೇ ಮೊದಲ ಪುಟದ ಬಲಮೂಲೆಯಲ್ಲಿ ಊರು, ತಾರೀಖು ಬರೆದಿಡುತ್ತಾಳೆ. ಟಿಳಕವಾಡಿಯ ನಮ್ಮ ಮನೆಯ ಗೋಡೆಕಪಾಟಿನಲ್ಲಿ ಇಂಥ ನಾನೂರು ಪುಸ್ತಕ ಇರಬಹುದು. ಒಂದು ದಿನ ಧೂಳು ಒರೆಸುತ್ತ ಒಂದೊಂದನ್ನೇ ತೆರೆದು ನೋಡಿದೆ. 1978ರಲ್ಲಿ ಕೊಂಡ ‘ಫಣಿಯಮ್ಮ’ದ ಮೇಲೆ ‘ಖಾನಾಪುರ’ ಅಂತ ಬರೆದದ್ದು ನೋಡಬೇಕು ನೀವು. ‘ಖ’ದ ಹೊಟ್ಟೆಯೊಳಗೆ ಒಂದು ಕಡಲೆಕಾಳು ಕೂರುವಷ್ಟು ಜಾಗ. 1990, 2004, 2011, ಅದೇ ಕೈ, ಅದೇ ದುಂಡು. 2015ರ ಒಂದು ಪುಸ್ತಕದಲ್ಲಿ ಊರಿನ ಹೆಸರು ದೊಡ್ಡದಾಗಿ ಶುರುವಾಗಿ ತಾರೀಖಿಗೆ ಬರುವಷ್ಟರಲ್ಲಿ ಕುಗ್ಗಿದೆ. 2017ರದ್ದು ಇರುವೆಯ ಸಾಲು. ಪಾರ್ಕಿನ್ಸನ್ ಬಂದವರ ಬರವಣಿಗೆ ಹೀಗೆ ಕಿರಿದಾಗುವುದು ಆ ರೋಗದ ಹೆಸರಾಂತ ಲಕ್ಷಣ. ನಮಗೆ ರೋಗದ ಹೆಸರು ಗೊತ್ತಾದದ್ದು 2019ರಲ್ಲಿ. ನಾಲ್ಕು ವರ್ಷ ಮೊದಲೇ ಅವ್ವ ತನ್ನ ಕೈಯಿಂದಲೇ ಅದನ್ನು ಬರೆದಿಟ್ಟಿದ್ದಳು, ತಾರೀಖಿನ ಸಮೇತ. ಕಪಾಟಿನ ಮುಂದೆ ನೆಲದ ಮೇಲೆ ಕೂತು ನಾನು ಅತ್ತೆ.

ಆ ನಾಲ್ಕು ವರ್ಷ ಎಲ್ಲಿ ಹೋದವು? ಬಲಭುಜ ನೋಯುತ್ತದೆ ಅಂದಾಗ ಒಬ್ಬ ವೈದ್ಯರು ಭುಜ ಹಿಡಿದಿದೆ ಅಂದರು. ಎಂಟು ತಿಂಗಳು ಎಣ್ಣೆ, ಕಾವು, ವ್ಯಾಯಾಮ. ನಡಿಗೆ ನಿಧಾನವಾದಾಗ ವಯಸ್ಸು ಅಂದರು, ಮಾತು ಕಡಿಮೆಯಾದಾಗ ಅಪ್ಪ ತೀರಿಕೊಂಡ ದುಃಖ ಅಂದರು. ಕೊನೆಗೆ ನರರೋಗದ ವೈದ್ಯರೊಬ್ಬರು ಅವ್ವ ಬಾಗಿಲಿನಿಂದ ಖುರ್ಚಿಯವರೆಗೆ ನಡೆದು ಬರುವುದನ್ನು ಸುಮ್ಮನೆ ನೋಡಿದರು. ಬಲಗೈ ಬೀಸುತ್ತಿಲ್ಲ, ಹೆಜ್ಜೆ ಎಳೆಯುತ್ತಿದೆ, ಮುಖದಲ್ಲಿ ಭಾವ ಕಡಿಮೆ. ಅಷ್ಟರಲ್ಲೇ ಅವರಿಗೆ ಗೊತ್ತಾಗಿತ್ತು. ಆಮೇಲೆ ನಾನು ಓದಿ ತಿಳಿದೆ, ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗದ ಬಗ್ಗೆ ಚಿಕ್ಕ ಹೊತ್ತಿಗೆ ಬರೆದಾಗ ಅದರಲ್ಲಿದ್ದದ್ದು ಬರೀ ಆರು ಜನರ ವಿಷಯ, ಅವರಲ್ಲೂ ಕೆಲವರನ್ನು ಆತ ಬೀದಿಯಲ್ಲಿ ನಡೆದುಹೋಗುವಾಗ ನೋಡಿದ್ದು. ನೋಡುವ ಕಣ್ಣು ಅಂದರೆ ಅದು. ಮಿದುಳಿನ ಬುಡದಲ್ಲಿ ಡೋಪಮಿನ್ ಎಂಬ ರಸ ತಯಾರಿಸುವ ಜೀವಕೋಶಗಳು ಸದ್ದಿಲ್ಲದೆ ಸಾಯುತ್ತ ಹೋಗುತ್ತವೆ, ನಡುಕ ಹೊರಗೆ ಕಾಣುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿರುತ್ತವೆ. ನಿಮ್ಮ ಮನೆಯ ಹಿರಿಯರ ಕಿರಾಣಿ ಚೀಟಿಯ ಅಕ್ಷರ ಇತ್ತೀಚೆಗೆ ಸಣ್ಣಗಾಗಿದ್ದರೆ ದಯವಿಟ್ಟು ಹಳೆಯ ಚೀಟಿಯೊಂದನ್ನು ಪಕ್ಕಕ್ಕಿಟ್ಟು ನೋಡಿ.

ಲೆವೊಡೋಪಾದ ವಿಷಯ ಅವ್ವನಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಅದು ಗಿಡದಾಗ ಸಿಗತೈತೇನು?” ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಸಿಗುತ್ತದೆ. ನಸುಗುನ್ನಿ ಕೇಳಿದ್ದೀರಲ್ಲ, ಕಾಯಿಯ ಮೇಲಿನ ಸುಂಕು ತಾಗಿದರೆ ಮೈಯೆಲ್ಲ ಉರಿ ತುರಿಕೆ ಎಬ್ಬಿಸುವ ಬಳ್ಳಿ? ಅದರ ಬೀಜದಲ್ಲಿ ಲೆವೊಡೋಪಾ ಇದೆ, ಆಯುರ್ವೇದದವರು ಅದನ್ನು ಬಹಳ ಹಿಂದಿನಿಂದ ಬಳಸುತ್ತಾರೆ. ಇದನ್ನು ಕೇಳಿದ್ದೇ ಅವ್ವನಿಗೆ ಜಾಂಬೋಟಿಯ ಶಾಲೆ ನೆನಪಾಯಿತು. ಒಬ್ಬ ಹುಡುಗ ನಸುಗುನ್ನಿಯ ಕಾಯಿ ತಂದು ಮುಂದೆ ಕೂತವನ ಅಂಗಿಯೊಳಗೆ ಹಾಕಿ, ಆ ಹುಡುಗ ಮೈ ಪರಚಿಕೊಂಡು ಕುಣಿದು, ಅವ್ವ ಅವನ ಮೈಗೆ ಸಗಣಿ ಬಳಿದು ಹಳ್ಳದಲ್ಲಿ ತೊಳೆದ ಕಥೆ. “ಆ ಕಿಡಿಗೇಡಿಗೆ ನಾನು ಬೆತ್ತದಿಂದ ಹೊಡದಿದ್ದೆ. ಈಗ ನೋಡು, ಅದ ನನಗ ಔಷಧ ಆತು” ಅಂದಳು. ಆದರೆ ಬೀಜ ತಂದು ನೀವೇ ಪುಡಿಮಾಡಿ ಕೊಡಲು ಹೋಗಬೇಡಿ. ಎಷ್ಟು ಬೀಜದಲ್ಲಿ ಎಷ್ಟು ಔಷಧ ಅನ್ನುವ ಲೆಕ್ಕ ಮನೆಯಲ್ಲಿ ಸಿಗುವುದಿಲ್ಲ. 1961ರಲ್ಲಿ ವಿಯೆನ್ನಾದಲ್ಲಿ ಹಾಸಿಗೆ ಹಿಡಿದವರಿಗೆ ಮೊದಲಬಾರಿ ಲೆವೊಡೋಪಾ ಚುಚ್ಚಿದಾಗ ಏಳಲಾರದವರು ಎದ್ದು ನಿಂತರಂತೆ, ನಡೆದರಂತೆ. ದಿನಾ ನಾಲ್ಕು ಗಂಟೆಗೆ ನಮ್ಮ ಪಡಸಾಲೆಯಲ್ಲಿ ಅದು ನಡೆಯುತ್ತದೆ, ಆರು ವರ್ಷವಾದರೂ ನಾನು ಅದನ್ನು ಬೆರಗಿನಿಂದಲೇ ನೋಡುತ್ತೇನೆ.

ಪುಸ್ತಕದ ಮಾತು ಇನ್ನೂ ಬರಲಿಲ್ಲ ಅನ್ನುತ್ತೀರಾ? ಬಂತು. ರೋಗ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಪುಸ್ತಕ ತಂದರು. ಎಲ್ಲವೂ ಒಂದೇ ನಮೂನೆ. ಮನಶ್ಶಾಂತಿ, ಪ್ರಾಣಾಯಾಮ, ಮುಪ್ಪಿನಲ್ಲಿ ಮನಸ್ಸು ಗಟ್ಟಿಮಾಡಿಕೊಳ್ಳುವ ಬಗೆ. ನಾನೂ ಎರಡು ತಂದೆ. ಅವ್ವ ಒಂದು ವಾರ ಸುಮ್ಮನಿದ್ದು ಎಂಟನೇ ದಿನ ಅಂದಳು, “ಎಲ್ಲಾರೂ ನನ್ನ ಕಳಸಾಕ ತಯಾರಿ ನಡಸೀರೇನೋ? ನನಗ ಒಂದು ಪತ್ತೇದಾರಿ ತಂದ ಕೊಡು.” ನಮ್ಮ ಅವ್ವ ಪತ್ತೇದಾರಿ ಓದುತ್ತಾಳೆಂದು ನನಗೆ ಗೊತ್ತಾದದ್ದು ನನ್ನ ಐವತ್ತೊಂದನೇ ವಯಸ್ಸಿನಲ್ಲಿ! ಶಾಲೆಯ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಹಾಜರಿ ಪುಸ್ತಕದ ಕೆಳಗಿಟ್ಟುಕೊಂಡು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಓದಿದವಳಂತೆ. ನೂರಾರು ಬರೆದರು ಆ ಮಹಾನುಭಾವರು, ಕನ್ನಡದ ಎಷ್ಟು ಜನಕ್ಕೆ ಓದುವ ಚಟ ಹಚ್ಚಿದರು. ಹಳೆಯ ಪುಸ್ತಕದ ಅಂಗಡಿಯಲ್ಲಿ ಎರಡು ಸಿಕ್ಕವು, ತಂದೆ. ಪುರುಷೋತ್ತಮನಿಂದಲೇ ನಮ್ಮ ನಾಲ್ಕು ಗಂಟೆಯ ಓದು ಶುರುವಾದದ್ದು. ಕಾಯಿಲೆಯವರಿಗೆ ಕಾಯಿಲೆಯ ಪುಸ್ತಕ ಕೊಡುವುದು ದೊಡ್ಡ ತಪ್ಪು ಅಂತ ನಾನು ಖಂಡಿತ ಹೇಳಬಲ್ಲೆ. ಅವರಿಗೆ ಬೇಕಾದ್ದು ಕಥೆ, ನಾಳೆ ಏನಾಗುತ್ತದೆ ಅನ್ನುವ ಕಥೆ.

ಮೊದಲು ನಾನು ಓದುತ್ತಿದ್ದೆ, ಅವಳು ಕೇಳುತ್ತಿದ್ದಳು. ಅವಳ ದನಿ ಆಗಲೇ ಸಣ್ಣಗಾಗಿತ್ತು. ಐವತ್ತು ಹುಡುಗರನ್ನು ಒಂದೇ ಕೂಗಿಗೆ ಸುಮ್ಮನಿರಿಸಿದವಳು ಅಡಿಗೆಮನೆಯಿಂದ ಕರೆದರೆ ಪಡಸಾಲೆಗೆ ಕೇಳುತ್ತಿರಲಿಲ್ಲ. ಇದೂ ಅದೇ ರೋಗದ ಕೆಲಸ. ತಾವು ಸಣ್ಣಗೆ ಮಾತಾಡುತ್ತಿದ್ದೇವೆ ಅಂತ ಈ ರೋಗದವರಿಗೆ ಅನಿಸುವುದೇ ಇಲ್ಲ, ಉಳಿದವರಿಗೆ ಕಿವಿ ಕೇಳಿಸುತ್ತಿಲ್ಲ ಅಂದುಕೊಳ್ಳುತ್ತಾರೆ. ಮಾತಿನ ಚಿಕಿತ್ಸೆ ಮಾಡುವವರು ಒಂದು ಉಪಾಯ ಹೇಳಿಕೊಟ್ಟರು, ದಿನಾ ಗಟ್ಟಿಯಾಗಿ ಓದಿಸಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಸರಿ, ಒಂದು ಪುಟ ನಾನು, ಒಂದು ಪುಟ ಅವಳು. “ಅವ್ವಾ, ಹಿಂದಿನ ಬೆಂಚಿನವರಿಗೆ ಕೇಳಸೂದಿಲ್ಲ” ಅಂದರೆ ಸಾಕು, ಬೆನ್ನು ನೆಟ್ಟಗಾಗುತ್ತಿತ್ತು, ದನಿ ಏರುತ್ತಿತ್ತು. ಓಣಿಯಲ್ಲಿ ಹೋಗುವವರು ಇಣುಕಿ ನೋಡುತ್ತಿದ್ದರು, ಯಾವ ಮನೆಯಲ್ಲಿ ಶಾಲೆ ತೆರೆದಿದೆ ಅಂತ.

ಪುಸ್ತಕ ಹಿಡಿಯುವುದು ಇನ್ನೊಂದು ಪಾಡು. ನಡುಗುವ ಕೈಯಲ್ಲಿ ಸಾಲುಗಳೂ ನಡುಗುತ್ತವೆ, ಪುಟ ಮಗುಚಲು ಹೋದರೆ ಮೂರು ಒಟ್ಟಿಗೆ ಮಗುಚುತ್ತವೆ. ಖಾನಾಪುರದ ಬಡಿಗರೊಬ್ಬರು, ಅವ್ವನ ಹಳೆಯ ವಿದ್ಯಾರ್ಥಿ, ಒಂದು ವ್ಯಾಸಪೀಠ ಮಾಡಿಕೊಟ್ಟರು. ಪುರಾಣ ಓದುವಾಗ ನೆಲದ ಮೇಲಿಡುವ ಕತ್ತರಿ ಆಕಾರದ ಪೀಠವೇ, ಆದರೆ ಖುರ್ಚಿಯ ಎತ್ತರಕ್ಕೆ ಕಾಲು ಕೊಟ್ಟು, ಪುಟ ಹಾರದಂತೆ ಕೆಳಗೊಂದು ತೆಳು ಪಟ್ಟಿ ಹೊಡೆದದ್ದು. ದುಡ್ಡು ಕೊಡಹೋದರೆ “ಅಕ್ಕೋರ ಕಡೆಯಿಂದ ರೊಕ್ಕ ತಗೊಳ್ಳೂದ?” ಅಂದು ಕೈಮುಗಿದರು. ಆ ಪೀಠದ ಮೇಲೆ ದಪ್ಪ ಪುಸ್ತಕ ಇಟ್ಟಾಗೆಲ್ಲ ಅವ್ವನಿಗೆ ಗಳಗನಾಥರ ನೆನಪು. ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು, ತಾವೇ ಬರೆದ ಕಾದಂಬರಿಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಹೊತ್ತ ಪುಸ್ತಕದಿಂದಲೇ ಅವ್ವನ ಅಜ್ಜ ಓದಲು ಕಲಿತದ್ದಂತೆ. ಆಮೇಲೆ ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದರು, ಚಂದಾದಾರರಾದರೆ ಪುಸ್ತಕ ಮನೆಗೇ ಬರತೊಡಗಿದವು. ಜಾಂಬೋಟಿಯ ಮಳೆಯಲ್ಲಿ ಅಂಚೆಯವನು ಮೇಣಗಾಗದ ಸುತ್ತಿ ತಂದ ಕಟ್ಟನ್ನು ಒಲೆಯ ಮುಂದೆ ಬಿಚ್ಚಿದ್ದು ಅವ್ವನಿಗೆ ನಿನ್ನೆಯಂತೆ ನೆನಪಿದೆ. ನಿನ್ನೆ ಗುಳಿಗೆ ತಗೊಂಡಳೋ ಇಲ್ಲವೋ ಅನ್ನುವುದು ಮಾತ್ರ ನೆನಪಿಲ್ಲ.

ಅಕ್ಷರ ಸಣ್ಣದು ಅನ್ನುವ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದ ಪ್ರಕಾಶಕರೇ, ನಮ್ಮ ಹಿರಿಯರಿಗಾಗಿ ದೊಡ್ಡ ಅಕ್ಷರದ ಕಾದಂಬರಿಗಳನ್ನು ಯಾಕೆ ಅಚ್ಚು ಹಾಕುವುದಿಲ್ಲ? 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆಪಟ್ಟಿಯ ಜೊತೆ ಗ್ರಂಥಾಲಯ ಕರ ಕಟ್ಟುತ್ತ ಬಂದವರು ಇವರು. ತಮ್ಮ ಕಣ್ಣಿಗೆ ಕಾಣುವ ಪುಸ್ತಕ ಕೇಳುವ ಹಕ್ಕು ಇವರಿಗಿದೆ.

ಇನ್ನು ಮಾವಶಿಯ ವಿಷಯ. ಹಗಲು ಅವ್ವನನ್ನು ನೋಡಿಕೊಳ್ಳಲು ಖಾನಾಪುರದ ಕಡೆಯ ಹೆಣ್ಣುಮಗಳೊಬ್ಬರು ಬರುತ್ತಾರೆ. ಮನೆಮಾತು ಮರಾಠಿ, ಕನ್ನಡ ಅರ್ಧ ತಿಳಿಯುತ್ತದೆ. ಸೊಪ್ಪು ಸೋಸುವ ನೆವ ಮಾಡಿಕೊಂಡು ನಾಲ್ಕಕ್ಕೆ ಅವರೂ ಪಡಸಾಲೆಗೆ ಬಂದು ಕೂರತೊಡಗಿದರು. ಪುಟ ಮುಗಿದದ್ದೇ “ಮಗ ಕಾಯ ಝಾಲಂ, ಬಾಯಿ?” ಆಮೇಲೇನಾಯಿತು? ಅವ್ವ ಅಲ್ಲಿಯವರೆಗಿನ ಕಥೆಯನ್ನು ಮರಾಠಿಯಲ್ಲಿ ಹೇಳುತ್ತಾಳೆ, ತನ್ನದೊಂದಿಷ್ಟು ಸೇರಿಸಿ. ಬೆಳಗಾವಿಯ ಮನೆಗಳಲ್ಲಿ ಇದೇನು ಹೊಸದಲ್ಲ. ಗಣಪತಿ ಗಲ್ಲಿಯ ಸಾರ್ವಜನಿಕ ವಾಚನಾಲಯದಿಂದ ಮರಾಠಿ ಪುಸ್ತಕ ತಂದು, ಅದರ ಕಥೆಯನ್ನು ಅಡಿಗೆಮನೆಯಲ್ಲಿ ಕನ್ನಡದಲ್ಲಿ ಹೇಳಿದ ಎಷ್ಟು ಹೆಂಗಸರಿಲ್ಲ ಈ ಊರಲ್ಲಿ! ಬೀದಿಯಲ್ಲಿ ಬೋರ್ಡಿನ ಭಾಷೆಗಾಗಿ ಜಗಳ ಆಗುತ್ತಿದ್ದ ದಿನಗಳಲ್ಲೂ ಒಳಗೆ ಕಥೆಗಳು ಆಚೀಚೆ ಓಡಾಡುತ್ತಲೇ ಇದ್ದವು. ಪು. ಲ. ದೇಶಪಾಂಡೆಯವರು ಇಲ್ಲಿಯ ರಾಣಿ ಪಾರ್ವತಿ ದೇವಿ ಕಾಲೇಜಿನಲ್ಲಿ ಕಲಿಸಿದವರು. ಬೆಳಗಾವಿಯ ಕೃಷ್ಣರಾವ್ ಹರಿಹರ ಅವರ ಮೇಲೆ ಅವರು ಬರೆದ ‘ರಾವಸಾಹೇಬ’ದ ಮರಾಠಿಗೆ ಕನ್ನಡದ ಒಗ್ಗರಣೆ ಬಿದ್ದಿದೆ. ಕವಯಿತ್ರಿ ಇಂದಿರಾ ಸಂತ ಬಾಳಿದ್ದೂ ಈ ಊರಲ್ಲೇ. ಅವರ ಮಗ ಪ್ರಕಾಶ ನಾರಾಯಣ ಸಂತ ಬರೆದ ‘ವನವಾಸ’ದ ಲಂಪನ್ ಎಂಬ ಹುಡುಗ ಓಡಾಡುವ ಊರು ಬೆಳಗಾವಿಯೇ, ಅವನ ಬಾಯಲ್ಲೂ ನಮ್ಮ ಎರಡೂ ಮಾತು ಇವೆ. ಇದನ್ನು ಅವ್ವ ಮಾವಶಿಗಾಗಿ ಮರಾಠಿಯಲ್ಲೇ ಗಟ್ಟಿಯಾಗಿ ಓದಿದಳು. ಮಾವಶಿ ನಕ್ಕು ನಕ್ಕು ಸೊಪ್ಪಿನ ಬುಟ್ಟಿ ಚೆಲ್ಲಿದರು. ಅವ್ವನ ಮುಖದಲ್ಲಿ ಈಗ ನಗು ಮೂಡುವುದು ಕಷ್ಟ, ಮುಖದ ಸ್ನಾಯುಗಳೂ ಬಿಗಿದಿವೆ. ಅವಳು ನಗುವುದು ಬೆರಳಿನಲ್ಲಿ, ಖುರ್ಚಿಯ ತೋಳಿನ ಮೇಲೆ ಎರಡು ಸಲ ಟಕಟಕ ಅಂತ ಬಡಿದರೆ ನಕ್ಕಳು ಅಂತ. ಇದು ನನಗೆ ತಿಳಿಯಲು ವರ್ಷ ಹಿಡಿಯಿತು.

ಲಂಪನ್ ಆದಮೇಲೆ ಮಾವಶಿ ‘ಶ್ಯಾಮಚಿ ಆಯಿ’ ಬೇಕೆಂದರು. ಸಾನೆ ಗುರೂಜಿ 1933ರಲ್ಲಿ ನಾಸಿಕದ ಜೈಲಿನಲ್ಲಿ ಕೆಲವೇ ದಿನಗಳಲ್ಲಿ ಬರೆದ ಪುಸ್ತಕ, ಬಡ ತಾಯಿ ಮಗನನ್ನು ಬೆಳೆಸಿದ ಕಥೆ. ರಾತ್ರಿಗೊಂದರಂತೆ ಹೇಳಿದ ನೆನಪುಗಳು. ನಾವೂ ದಿನಕ್ಕೊಂದು ಓದಿದೆವು. ನನ್ನ ಸರದಿ ಬಂದಾಗ ಗಂಟಲು ಕಟ್ಟುತ್ತಿತ್ತು. ಕಡೆಯ ಭಾಗ ಹತ್ತಿರ ಬಂದಿತ್ತು, ತಾಯಿ ಹಾಸಿಗೆ ಹಿಡಿದಿದ್ದಳು, ಅದು ಮೂವರಿಗೂ ಗೊತ್ತಿತ್ತು. ಅವ್ವ ಕೈ ಚಾಚಿ, ನಡುಗುವ ಅಂಗೈಯನ್ನು ಪುಟದ ಮೇಲೆ ಇಟ್ಟುಬಿಟ್ಟಳು. “ಸಾಕು. ಮುಂದಿಂದು ನಾ ಓದೇನಿ. ನೀ ಓದೂದು ಬ್ಯಾಡ” ಅಂದಳು. ಮಾವಶಿಯೂ ಏನೂ ಕೇಳಲಿಲ್ಲ. ಆ ಪುಸ್ತಕ ಗುರುತಿನ ಕಾಗದದ ಸಮೇತ ಕಪಾಟಿನಲ್ಲಿದೆ, ನಾನು ತೆಗೆದಿಲ್ಲ.

ಎಲ್ಲ ದಿನವೂ ಹೀಗಿರುತ್ತದೆ ಅಂತ ತಿಳಿಯಬೇಡಿ. ಅಡಿಗೆಮನೆಯ ಹೊಸ್ತಿಲಿನ ಮುಂದೆ ಅವಳ ಕಾಲು ನೆಲಕ್ಕೆ ಅಂಟಿದಂತಾಗುವ ದಿನಗಳಿವೆ. ಎಳೆದರೆ ಬೀಳುತ್ತಾಳೆ, ಅವಸರ ಮಾಡಿದರೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ನೆಲದ ಮೇಲೆ ಅಡ್ಡಗೆರೆ ಹಾಕಿದರೆ ಗೆರೆ ದಾಟುವ ನೆವದಲ್ಲಿ ಕಾಲು ಏಳುತ್ತದೆ ಅಂತ ಡಾಕ್ಟರು ಹೇಳಿದ್ದರು. ಸುಣ್ಣದ ಕಡ್ಡಿ ತಂದು ಹೊಸ್ತಿಲಿನ ಈಚೆ ನಾಲ್ಕು, ಆಚೆ ನಾಲ್ಕು ಗೆರೆ ಎಳೆದೆ. ಅವ್ವ ಗೆರೆಗಳನ್ನೇ ನೋಡಿದಳು. “ಸೊಟ್ಟ ಅದಾವು, ಅಳಿಸಿ ಸರಿ ಹಾಕು” ಅಂದಳು. ಹಾಕಿದೆ. ಒಂದೊಂದೇ ಗೆರೆ ದಾಟಿ ಒಳಗೆ ಹೋದಳು. ಈಗ ಮಾವಶಿ ದಿನಾ ಬೆಳಿಗ್ಗೆ ಅಂಗಳದ ರಂಗೋಲಿಯ ಜೊತೆಗೆ ಆ ಗೆರೆಗಳನ್ನೂ ಹೊಸದಾಗಿ ಎಳೆಯುತ್ತಾರೆ.

ರಾತ್ರಿಗಳು ಹೆಚ್ಚು ಕಷ್ಟ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅವ್ವ ಕೋಣೆಯ ಮೂಲೆಗೆ ಬೆರಳು ತೋರಿಸಿ, ಹುಡುಗರು ಒದ್ದೆ ಬಟ್ಟೆಯಲ್ಲಿ ಕೂತಿದ್ದಾರೆ, ಟಾವೆಲು ಕೊಡು ಅಂದಳು. ಮೂಲೆಯಲ್ಲಿ ಯಾರೂ ಇರಲಿಲ್ಲ. ನನ್ನ ಎದೆ ಒಡೆದುಹೋಯಿತು. ಇಲ್ಲದವರು ಕಾಣುವುದು ಈ ರೋಗದಲ್ಲಿ ಆಗುತ್ತದೆ, ಔಷಧ ಹೆಚ್ಚಾದರೂ ಆಗುತ್ತದೆ, ಮಕ್ಕಳೋ ಸಣ್ಣ ಪ್ರಾಣಿಗಳೋ ಕಾಣುವುದು ಬಹಳ ಸಾಮಾನ್ಯ ಅಂತ ಡಾಕ್ಟರು ಆಮೇಲೆ ತಿಳಿಸಿ ಗುಳಿಗೆಯ ಪ್ರಮಾಣ ಬದಲಿಸಿದರು. ಆದರೆ ಆ ರಾತ್ರಿ ಡಾಕ್ಟರು ಎಲ್ಲಿದ್ದರು? ನಾನು ಟಾವೆಲು ತಂದು ಮೂಲೆಯಲ್ಲಿಟ್ಟೆ. “ಒಂದು ಕಥಿ ಓದು, ಅವರೂ ಕೇಳಲಿ” ಅಂದಳು. ಎರಡು ಗಂಟೆ ರಾತ್ರಿಯಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಅವ್ವನಿಗೂ ಜಾಂಬೋಟಿಯ ಆ ಮಕ್ಕಳಿಗೂ ‘ಫಣಿಯಮ್ಮ’ದ ಎರಡು ಪುಟ ಓದಿದೆ. ಎಂ. ಕೆ. ಇಂದಿರಾ ಆ ಕಥೆಯನ್ನು ಕೇಳಿದ್ದು ತಮ್ಮ ತಾಯಿಯ ಬಾಯಿಂದ, ತಾಯಿಗೆ ಹೇಳಿದ್ದು ಸ್ವತಃ ಫಣಿಯಮ್ಮ. ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ಇಂದಿರಾ ಅವರಿಗೆ ನಲವತ್ತೈದು ದಾಟಿತ್ತು. ಅವ್ವ ನಿದ್ದೆ ಹೋದಳು.

ದೀಪಾವಳಿಗೆ ಖಾನಾಪುರದ ಹಳೆಯ ಮನೆಗೆ ಹೋಗಿದ್ದೆವು. ಬಾಗಿಲು ತೆಗೆದರೆ ತೇವದ ವಾಸನೆ, ಅಲ್ಲಿಯ ಕೆಮ್ಮಣ್ಣಿನ ಹಂಚಿನ ಮೇಲೆ ಹಾವಸೆ. ಖಾನಾಪುರದ ಮಣ್ಣು ಮಡಕೆಗೂ ಹಂಚಿಗೂ ಹೆಸರಾದದ್ದು, ಕಾಗದಕ್ಕೆ ಮಾತ್ರ ಆ ಊರಿನ ಹವೆ ಶತ್ರು. ಹತ್ತಿರದ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು ಐದನೇ ಶತಮಾನದವು, ಇಂದಿಗೂ ಓದಲು ಬರುತ್ತವೆ. ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಬೇವಿನೆಲೆ, ಬಜೆ ಬೇರು ಹಾಕಿಟ್ಟಿದ್ದರೂ ಅರ್ಧ ಪುಸ್ತಕ ಗೆದ್ದಲಿನ ಪಾಲಾಗಿದ್ದವು. ಉಳಿದವುಗಳಲ್ಲಿ ರಟ್ಟಿಲ್ಲದ ಒಂದು ಕಾದಂಬರಿ. ಶುರುವಾಗುವುದು 17ನೇ ಪುಟದಿಂದ, ನಿಲ್ಲುವುದು 208ಕ್ಕೆ. ಪುಸ್ತಕದ ಹೆಸರಿಲ್ಲ, ಬರೆದವರ ಹೆಸರಿಲ್ಲ. ಅವ್ವ ಅದನ್ನು ಕಂಡದ್ದೇ ಎದೆಗೆ ಒತ್ತಿಕೊಂಡಳು. 1972ರ ಸುಮಾರಿಗೆ ನಂದಗಡದ ಶಾಲೆಯಲ್ಲಿ ಜೊತೆಗಿದ್ದ ಅಕ್ಕೋರು ಓದಲು ಕೊಟ್ಟದ್ದು, ವರ್ಗವಾಗಿ ವಾಪಸು ಕೊಡುವುದು ತಪ್ಪಿಹೋದದ್ದು, ಓದಿ ಮುಗಿಸುವುದೂ ತಪ್ಪಿದ್ದು. ಆ ಅಕ್ಕೋರು ಈಗಿಲ್ಲ.

ಅದನ್ನೇ ಮೂರು ತಿಂಗಳು ಓದಿದೆವು. ಎರಡು ಮನೆ, ನಡುವೆ ಒಂದು ಬಾವಿ, ಬಾವಿಗಾಗಿ ಕೋರ್ಟು. ಒಂದು ಮನೆಯ ಹುಡುಗಿ ಕಮಲಾ. 208ನೇ ಪುಟದ ಕೊನೆಗೆ ಅವಳು ನಸುಕಿನಲ್ಲಿ ಬಾವಿಯಿಂದ ಕೊಡ ಎಳೆಯುತ್ತಿದ್ದಾಳೆ, ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿಗೆ ನಿಂತಿತು. ಊರು ಬಿಟ್ಟುಹೋದ ಅಣ್ಣ ಬಂದ ಅನ್ನುತ್ತಾರೆ ಮಾವಶಿ. ಎದುರುಮನೆಯ ಮುದುಕ ಅಂತ ನನ್ನ ಊಹೆ. ಅವ್ವ ಒಪ್ಪುವುದಿಲ್ಲ. “ಬರದವರು ಏನ ಬರದಾರೋ ಅದು ಬೇಕು. ನಮ್ಮ ನಮ್ಮ ಊಹಾ ತಗೊಂಡು ಏನ ಮಾಡೂದು?” ಭಾಷೆ ನೋಡಿದರೆ ನಮ್ಮ ಕಡೆಯವರೇ ಬರೆದದ್ದು, ಕಟ್ಟೀಮನಿಯವರದಲ್ಲ, ಕೃಷ್ಣಮೂರ್ತಿ ಪುರಾಣಿಕರದೂ ಅಲ್ಲ, ಅವರವು ತನಗೆ ಗೊತ್ತು ಅನ್ನುತ್ತಾಳೆ. ವಾಚನಾಲಯಗಳಲ್ಲಿ ಹುಡುಕಿದೆ, ಹಳೆಯ ಪುಸ್ತಕದವರನ್ನು ಕೇಳಿದೆ, ಸಿಕ್ಕಿಲ್ಲ.

ಓದುಗರೇ, ನಿಮ್ಮ ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನಲ್ಲಿ, ರದ್ದಿಗೆ ಹಾಕಲು ಕಟ್ಟಿಟ್ಟ ಗಂಟಿನಲ್ಲಿ ಒಮ್ಮೆ ನೋಡಿ. ಕೈಯಗಲದ ಪುಸ್ತಕ, ಹಳದಿ ಬಿದ್ದ ಕಾಗದ, ಹುರಿಯ ಹೊಲಿಗೆ. ಬಾವಿಯ ವ್ಯಾಜ್ಯ, ಕಮಲಾ ಎಂಬ ಹುಡುಗಿ. 209ನೇ ಪುಟ ಇದ್ದರೆ ಸಾಕು, ತಿಳಿಸಿ. ಅವ್ವನಿಗೆ ಎಂಬತ್ತೊಂದು.